ವಿರಾಮದ ವಿವೇಕ

ಭದ್ರಾ ನದಿಯ ತೀರದಲ್ಲಿ ಮೈಸೂರು ಸಂಸ್ಥಾನವು ಕಟ್ಟಿಸಿದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದುಕೊಂಡ ಈ ಕಾರ್ಖಾನೆಯ ಊದುಕುಲುಮೆಯು ಮೊದಮೊದಲು ಮಲೆನಾಡಿನ ಕಾಡುಗಳ ಇದ್ದಿಲಿನಿಂದ ಉರಿಯುತ್ತಿತ್ತು. ಊದುಕುಲುಮೆಯ ಸ್ವಭಾವವೇ ಬೇರೆ. ಅಡುಗೆಮನೆಯ ಒಲೆಯಂತೆ ಅದನ್ನು ಬೇಕೆಂದಾಗ ಹೊತ್ತಿಸಿ, ಬೇಡವೆಂದಾಗ ಆರಿಸುವಂತಿಲ್ಲ. ಅಲ್ಪಕಾಲ ಕೆಲಸ ನಿಂತರೆ ಗಾಳಿಯ ಊದನ್ನು ತಗ್ಗಿಸುತ್ತಾರೆ. ಕೆಲವು ದಿನಗಳ ಬಿಡುವಾದರೆ ಹೆಚ್ಚಿನ ಇಂಧನವನ್ನು ತುಂಬಿ, ಗಾಳಿಯ ದ್ವಾರಗಳನ್ನು ಮುಚ್ಚಿ, ಬೆಂಕಿಯನ್ನು ಒಳಗೇ ಕಾಪಾಡುತ್ತಾರೆ. ಬಿಡುವು ಬಹಳ ದೀರ್ಘವಾಗಿದ್ದರೆ ಮಾತ್ರ ಅದನ್ನು ಪೂರ್ತಿಯಾಗಿ ಆರಿಸುತ್ತಾರೆ. ಏಕೆಂದರೆ ತಣ್ಣಗಾದ ಕುಲುಮೆಯನ್ನು ಮತ್ತೆ ಕಾಯಿಸಲು ಅನೇಕ ದಿನಗಳೂ ಅಪಾರವಾದ ಇಂಧನವೂ ಬೇಕಾಗುತ್ತವೆ.

ಇಂಥ ವಿವೇಕವನ್ನು ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸಿನ ಚಾಲಕನಲ್ಲಿಯೂ ಕಾಣಬಹುದು. ದಾರಿಯಲ್ಲಿ ಒಬ್ಬ ಪ್ರಯಾಣಿಕನನ್ನು ಇಳಿಸುವಾಗ ಆತನು ಎಂಜಿನನ್ನು ಆರಿಸುವುದಿಲ್ಲ. ನಿಲ್ದಾಣದಲ್ಲಿ ಅರ್ಧ ಗಂಟೆ ಕಾಯಬೇಕಾದಾಗ ಆರಿಸುತ್ತಾನೆ. ವಿರಾಮವು ಎಷ್ಟು ಹೊತ್ತಿನದು ಎಂಬುದನ್ನು ಅರಿತು, ಅದಕ್ಕೆ ತಕ್ಕಂತೆ ವಿಶ್ರಮಿಸಬೇಕು. ಕುಲುಮೆಗೂ ಬಸ್ಸಿಗೂ ಅನ್ವಯಿಸುವ ಈ ನಿಯಮವನ್ನು ಗಣಕಯಂತ್ರವೂ ಕಲಿಯಬೇಕಾಯಿತು.

ಗಣಕಯಂತ್ರದ ಮಿದುಳು ಎನ್ನಬಹುದಾದ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. ಅದು ಸೆಕೆಂಡಿಗೆ ಇನ್ನೂರು, ಮುನ್ನೂರು ಕೋಟಿ ಬಾರಿ ಮಿಡಿಯುತ್ತದೆ. ಪ್ರತಿಯೊಂದು ಮಿಡಿತಕ್ಕೂ ವಿದ್ಯುತ್ತು ವ್ಯಯವಾಗುತ್ತದೆ. ಯಾವ ಕೆಲಸವನ್ನು ಯಾವಾಗ ಮಾಡಬೇಕೆಂದು ಅದಕ್ಕೆ ಹಂಚಿಕೊಡುವ ಮೇಸ್ತ್ರಿಯೇ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್. ಬೆರಳಚ್ಚಿನಲ್ಲಿ ಪಳಗಿದವನು ಒಂದು ಅಕ್ಷರವನ್ನೊತ್ತಿ ಇನ್ನೊಂದನ್ನು ಒತ್ತುವುದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಹಿಡಿಯಿತೆಂದು ಭಾವಿಸೋಣ. ಮನುಷ್ಯನಿಗೆ ಅದು ಕಣ್ಣೆವೆಯಿಕ್ಕುವಷ್ಟು ಹೊತ್ತು. ಪ್ರೊಸೆಸರಿಗೆ ಇಪ್ಪತ್ತು ಕೋಟಿ ಮಿಡಿತಗಳ ದೀರ್ಘ ವಿರಾಮ. ಮನೆಯಲ್ಲಿರುವ ಗಣಕವಾಗಲಿ, ಜೇಬಿನಲ್ಲಿರುವ ಫೋನಾಗಲಿ, ತನ್ನ ಆಯುಷ್ಯದ ಬಹುಭಾಗವನ್ನು ಹೀಗೆ ಕಾಯುತ್ತಲೇ ಕಳೆಯುತ್ತದೆ.

ಕಾಯುವಾಗ ಪ್ರೊಸೆಸರು ಏನು ಮಾಡಬೇಕು? ಮಾಡಲು ಕೆಲಸವಿಲ್ಲದ ಆಳು ಅಂಗಳದಲ್ಲಿ ಸುಮ್ಮನೆ ಸುತ್ತು ಹಾಕುವಂತೆ, ಯಾವ ಪ್ರಯೋಜನವೂ ಇಲ್ಲದ ಆಜ್ಞೆಗಳನ್ನು ಮತ್ತೆ ಮತ್ತೆ ನಡೆಸುತ್ತಿರುವುದು ಒಂದು ದಾರಿ. ಇದರಿಂದ ಫಲವಿಲ್ಲ, ವಿದ್ಯುತ್ತು ಮಾತ್ರ ಉರಿದುಹೋಗುತ್ತದೆ. ಮಿಡಿತವನ್ನು ತಡೆದು ನಿಲ್ಲಿಸಿ, ಹೊಸ ಕರೆ ಬಂದೊಡನೆ ಎಚ್ಚರಗೊಳ್ಳುವುದು ಇದಕ್ಕಿಂತ ಉತ್ತಮವಾದ ದಾರಿ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು ಕೂಡಿ ರೂಪಿಸಿದ ಎಸಿಪಿಐ ಎಂಬ ನಿಯಮಾವಳಿಯು ಈ ನಿದ್ರೆಗೆ ಮೆಟ್ಟಿಲುಗಳನ್ನು ಗೊತ್ತುಪಡಿಸಿತು. ಮೊದಲ ಮೆಟ್ಟಿಲು ಬರಿಯ ತೂಕಡಿಕೆ. ಅಲ್ಲಿ ಮಿಡಿತವಷ್ಟೇ ನಿಲ್ಲುತ್ತದೆ. ಕೆಳಗಿಳಿದಂತೆಲ್ಲ ನಿದ್ರೆಯು ಗಾಢವಾಗುತ್ತದೆ. ಇಂದಿನ ಪ್ರೊಸೆಸರುಗಳು ಅತಿ ಆಳದ ಮೆಟ್ಟಿಲಲ್ಲಿ ತಮ್ಮ ನೆನಪಿನಲ್ಲಿದ್ದುದನ್ನು ಬೇರೆಡೆಗೆ ಸಾಗಿಸಿಟ್ಟು, ವಿದ್ಯುತ್ತಿನ ಸಂಪರ್ಕವನ್ನೇ ಬಹುಮಟ್ಟಿಗೆ ಕಡಿದುಕೊಳ್ಳುತ್ತವೆ.

ಹಾಗಾದರೆ ಪ್ರತಿ ಬಾರಿಯೂ ಗಾಢ ನಿದ್ರೆಗೇ ಏಕೆ ಜಾರಬಾರದು? ಕುಲುಮೆಯ ಕಥೆಯಲ್ಲಿಯೇ ಇದಕ್ಕೆ ಉತ್ತರವಿದೆ. ತೂಕಡಿಕೆಯಿಂದ ಏಳಲು ಒಂದೆರಡು ಮೈಕ್ರೋಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ ಸಾಕು. ಗಾಢ ನಿದ್ರೆಯಿಂದ ಏಳಲು ನೂರು ಮೈಕ್ರೋಸೆಕೆಂಡಿಗಿಂತಲೂ ಹೆಚ್ಚು ಹಿಡಿಯಬಹುದು. ಸಾಗಿಸಿಟ್ಟುದನ್ನು ಮರಳಿ ತರಲು ವಿದ್ಯುತ್ತೂ ಖರ್ಚಾಗುತ್ತದೆ. ಮಲಗಿದೊಡನೆ ಏಳಬೇಕಾಗಿ ಬಂದರೆ ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚಾಗುತ್ತದೆ. ಆದುದರಿಂದ ಪ್ರತಿಯೊಂದು ಮೆಟ್ಟಿಲಿಗೂ, ಇಷ್ಟು ಹೊತ್ತಾದರೂ ಮಲಗಿದ್ದರೆ ಮಾತ್ರ ಲಾಭ ಎಂಬ ಒಂದು ಗಡುವು ಇರುತ್ತದೆ.

ಮುಂದಿನ ವಿರಾಮವು ಎಷ್ಟು ದೀರ್ಘವೆಂದು ಊಹಿಸುವ ಹೊಣೆಯು ಕರ್ನಲಿನದು. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲಿನಲ್ಲಿ ಇದಕ್ಕೊಂದು ದೊಡ್ಡ ತೊಡಕಿತ್ತು. ಕಾಲವನ್ನು ಅಳೆಯುವುದಕ್ಕಾಗಿ ಒಂದು ಗಡಿಯಾರವು ಸೆಕೆಂಡಿಗೆ ನೂರು ಬಾರಿ, ಕೆಲವು ಆವೃತ್ತಿಗಳಲ್ಲಿ ಸಾವಿರ ಬಾರಿ, ಪ್ರೊಸೆಸರನ್ನು ಬಡಿದೆಬ್ಬಿಸುತ್ತಿತ್ತು. ಗಂಟೆಗೊಮ್ಮೆ ಎಬ್ಬಿಸಿದರೆ ಮನುಷ್ಯನಿಗೆ ನಿದ್ರೆ ಬಂದೀತೇ? 2007ರಲ್ಲಿ ಹೊರಬಂದ 2.6.21ನೆಯ ಆವೃತ್ತಿಯಲ್ಲಿ ಈ ಬಡಿತವನ್ನು ಬಿಡುವಿನ ವೇಳೆಯಲ್ಲಿ ನಿಲ್ಲಿಸುವ ಏರ್ಪಾಟು ಬಂದಿತು. ಅದೇ ವರ್ಷ ವೆಂಕಟೇಶ ಪಲ್ಲಿಪಾಡಿ, ಶಾವೋಹುವಾ ಲಿ ಮತ್ತು ಆಡಮ್ ಬೆಲೆ ಎಂಬ ಮೂವರು ಕೆನಡಾದ ಒಟ್ಟಾವಾದಲ್ಲಿ ನಡೆದ ಸಮ್ಮೇಳನಕ್ಕೆ 'ಸಿಪಿಯು ಐಡಲ್' ಎಂಬ ಹೊಸ ವ್ಯವಸ್ಥೆಯನ್ನು ವಿವರಿಸುವ ಪ್ರಬಂಧವನ್ನು ಸಲ್ಲಿಸಿದರು. 2008ರ ಜನವರಿಯಲ್ಲಿ ಅದು ಲಿನಕ್ಸಿನಲ್ಲಿ ಸೇರಿತು. ಇದರಲ್ಲಿ ಎರಡು ಅಂಗಗಳಿವೆ. ಎಷ್ಟು ಆಳಕ್ಕೆ ಇಳಿಯಬೇಕೆಂದು ನಿರ್ಧರಿಸುವುದು ಒಂದು. ಆಯಾ ಪ್ರೊಸೆಸರಿನ ರೀತಿಗೆ ಅನುಗುಣವಾಗಿ ಇಳಿಸುವುದು ಇನ್ನೊಂದು. ಹೊಸ ಪ್ರೊಸೆಸರು ಬಂದಾಗ ಎರಡನೆಯ ಅಂಗವನ್ನಷ್ಟೇ ಹೊಸದಾಗಿ ಬರೆದರೆ ಸಾಕು. ನಿರ್ಧರಿಸುವ ಅಂಗವು ಮುಂದೆ ಗೊತ್ತಾಗಿರುವ ಕೆಲಸದ ವೇಳೆಯನ್ನು ನೋಡುತ್ತದೆ. ಹಿಂದಿನ ವಿರಾಮಗಳು ಎಷ್ಟೆಷ್ಟು ಹೊತ್ತು ಇದ್ದವು ಎಂಬ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮುಂದಿನ ಒಂದು ತೊಡಕನ್ನು ಬಿಡಿಸುವುದರಲ್ಲಿ ಕರ್ನಾಟಕದ ಪಾಲೂ ಇದೆ. ಐಬಿಎಂ ಸಂಸ್ಥೆಯ ಪವರ್8 ಎಂಬ ಪ್ರೊಸೆಸರು ಗಾಢ ನಿದ್ರೆಗೆ ಇಳಿದಾಗ ಅದನ್ನು ಎಬ್ಬಿಸಬೇಕಾದ ಗಡಿಯಾರವೂ ನಿಂತುಹೋಗುತ್ತಿತ್ತು. ಬೇರೆ ಬಗೆಯ ಯಂತ್ರಗಳಲ್ಲಿ ಇಂಥ ಸಮಯಕ್ಕೆಂದು ಹೊರಗೊಂದು ಗಡಿಯಾರವಿರುತ್ತದೆ. ಇಲ್ಲಿ ಅದೂ ಇರಲಿಲ್ಲ. ಎಲ್ಲರೂ ಮಲಗಿದರೆ ಎಬ್ಬಿಸುವವರು ಯಾರು?

ಮಲೆನಾಡಿನ ರೈತರಿಗೆ ಈ ಪ್ರಶ್ನೆಯು ಹೊಸದಲ್ಲ. ತೆನೆ ತುಂಬಿದ ಗದ್ದೆಗೆ ಕಾಡುಹಂದಿ ನುಗ್ಗದಂತೆ ಕಾಯಲು ಮಾಳದ ಮೇಲೆ ನಾಲ್ವರು ರಾತ್ರಿ ಕಳೆಯುವರೆಂದರೆ, ಮೂವರು ಮಲಗುತ್ತಾರೆ, ಒಬ್ಬನು ಎಚ್ಚರವಿರುತ್ತಾನೆ. ಸರದಿ ಬಂದಾಗ ಇನ್ನೊಬ್ಬನನ್ನು ಎಬ್ಬಿಸುತ್ತಾನೆ. ಬೆಂಗಳೂರಿನಲ್ಲಿ ಐಬಿಎಂ ಎಂಜಿನಿಯರರಾಗಿದ್ದ ಪ್ರೀತಿ ಯು. ಮೂರ್ತಿಯವರು ರೂಪಿಸಿದ ಪರಿಹಾರವೂ ಇದನ್ನೇ ಹೋಲುತ್ತಿತ್ತು. ಯಂತ್ರದೊಳಗಿನ ಅನೇಕ ಪ್ರೊಸೆಸರುಗಳಲ್ಲಿ ಒಂದು ಗಾಢ ನಿದ್ರೆಗೆ ಇಳಿಯದೆ ಉಳಿದವುಗಳ ವೇಳೆಯನ್ನು ನೋಡಿಕೊಳ್ಳುತ್ತದೆ. ಹೊತ್ತು ಬಂದಾಗ ಆಯಾ ಪ್ರೊಸೆಸರನ್ನು ಎಬ್ಬಿಸುತ್ತದೆ. ಈ ಕಾವಲು ಒಂದರ ಹೆಗಲ ಮೇಲೆಯೇ ಉಳಿಯದೆ ಬದಲಾಗುತ್ತಿರುತ್ತದೆ. ಥಾಮಸ್ ಗ್ಲೈಕ್ಸ್‌ನರ್ ಎಂಬ ತಜ್ಞರು ಇದನ್ನು ಪರಿಷ್ಕರಿಸಿದರು. 2014ರ ಜೂನಿನಲ್ಲಿ ಹೊರಬಂದ ಲಿನಕ್ಸಿನ 3.15ನೆಯ ಆವೃತ್ತಿಯಲ್ಲಿ ಈ ಏರ್ಪಾಟು ಸೇರಿತು. ಅನೇಕರ ನಿದ್ರೆಗೆ ಒಬ್ಬರ ಎಚ್ಚರವು ಆಧಾರವಾಯಿತು.

ಒಂದು ಪ್ರೊಸೆಸರು ಮಲಗಿ ಉಳಿಸುವ ವಿದ್ಯುತ್ತು ತೀರ ಅಲ್ಪವೆಂದು ತೋರಬಹುದು. ಆದರೆ ಲಿನಕ್ಸ್ ಕರ್ನಲು ಇಂದು ಕೋಟ್ಯಂತರ ಫೋನುಗಳಲ್ಲಿಯೂ ಜಗತ್ತಿನ ಬೃಹತ್ ಗಣಕ ಕೇಂದ್ರಗಳಲ್ಲಿಯೂ ದುಡಿಯುತ್ತಿದೆ. ಹನಿಗೂಡಿದರೆ ಹಳ್ಳವಾಗುವಂತೆ, ಅಲ್ಪವೂ ಅಲ್ಲಿ ಅಗಾಧವಾಗುತ್ತದೆ.

ವಿದ್ಯುತ್ತಿನ ಬೆಲೆ ಏನೆಂಬುದನ್ನು ಶಿವಮೊಗ್ಗ ಜಿಲ್ಲೆಯು ಚೆನ್ನಾಗಿ ಬಲ್ಲದು. ಜೋಗದ ವಿದ್ಯುದಾಗಾರವು 1948ರಲ್ಲಿ ಕೆಲಸವನ್ನಾರಂಭಿಸಿತು. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಿತು. ಅದರ ನೀರಿನಿಂದ ತಿರುಗುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ನಾಡಿನ ಮನೆಗಳಲ್ಲಿ ದೀಪ ಹೊತ್ತಿದಾಗ, ಇತ್ತ ಅನೇಕ ಹಳ್ಳಿಗಳ ಮನೆ, ಗದ್ದೆ, ತೋಟ, ದೇವಾಲಯಗಳು ನೀರಿನಡಿ ಮುಳುಗಿದ್ದವು. ಊರು ಬಿಟ್ಟು ಬಂದ ಅನೇಕ ಕುಟುಂಬಗಳನ್ನು ಹೊಸ ನೆಲದ ಹಕ್ಕಿನ ಪ್ರಶ್ನೆಯು ದಶಕಗಳ ಕಾಲ ಕಾಡಿತು.

ಬೇಡದ ಹೊತ್ತಿನಲ್ಲಿ ಉರಿಯದೆ ಉಳಿದ ವಿದ್ಯುತ್ತು ಅಣೆಕಟ್ಟಿನ ಹಿಂದೆ ನೀರಾಗಿಯೇ ನಿಲ್ಲುತ್ತದೆ. ನಾಳಿನ ಅಗತ್ಯಕ್ಕೆ ಒದಗುತ್ತದೆ. ಮುಳುಗಿದ ಊರುಗಳನ್ನು ಅದು ಮರಳಿ ತಂದುಕೊಡಲಾರದು. ಆದರೆ ಇನ್ನೊಂದು ಊರನ್ನು ಮುಳುಗಿಸಬೇಕಾದ ದಿನವನ್ನು ಅದು ದೂರ ಸರಿಸಬಲ್ಲದು.