ವಾಲಿಯಾಗಲು ಎಲ್ಲರೂ ಸಿದ್ಧ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ನಮ್ಮ ಅಂಗಳಗಳಲ್ಲೂ ಮೇಳ ಹುಟ್ಟುತ್ತಿತ್ತು. ರಾತ್ರಿಯಿಡೀ ಬಯಲಾಟ ನೋಡಿದ ಕಣ್ಣು ಇನ್ನೂ ಉರಿಯುತ್ತಿರುವಾಗಲೇ ಅಡಿಕೆ ಹಾಳೆ ಕತ್ತರಿಸಿ ಕಿರೀಟ, ದಬ್ಬೆ ಸೀಳಿ ಬಿಲ್ಲು, ಇದ್ದಿಲಿನಲ್ಲಿ ಮೀಸೆ. ಡಬ್ಬ ಬಡಿಯುವವನೇ ಚಂಡೆಯವನು. ಬಡಗುತಿಟ್ಟಿನ ಮಂಡಿ ಕುಣಿತಕ್ಕೆ ಹೋಗಿ ಮಂಡಿ ತರಚಿಕೊಳ್ಳದ ಹುಡುಗರಿರಲಿಲ್ಲ. 1997ರಲ್ಲಿ ದೂರದರ್ಶನಕ್ಕೆ ಶಕ್ತಿಮಾನ್ ಬಂದ ಮೇಲೆ ಅವನ ಗಿರಕಿಯೂ ಕುಣಿತಕ್ಕೆ ಸೇರಿತು. ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗ ಆಗಾಗ ದೇವೇಂದ್ರನ ಒಡ್ಡೋಲಗಕ್ಕೂ ಬಂದುಹೋಗುತ್ತಿದ್ದ.

ಮಳೆ ಹಿಡಿಯಿತೆಂದರೆ ಅಂಗಳ ನಮ್ಮದಲ್ಲ. ಆಗ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಎದುರುಬದುರು ಕುಳಿತವರು ಅರ್ಥ ಹೇಳುತ್ತಾರೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ, ಮಾತೆಲ್ಲ ಕುಳಿತಲ್ಲೇ ಹುಟ್ಟಬೇಕು. ದೊಡ್ಡವರ ಕೂಟ ನೋಡಿ ನಾವೂ ಕರೆಂಟು ಹೋದ ಸಂಜೆಗಳಲ್ಲಿ ಜಗಲಿಯ ಮೇಲೆ ಚಾಪೆ ಹಾಸಿದೆವು.

ಹೀಗೆ ಕುಳಿತು ಮಾತಿನಲ್ಲೇ ಆಡುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ 1974ರಲ್ಲಿ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಎಂಬ ಆಟ ಬಂತು. ಅದರ ದಾರಿಯಲ್ಲೇ 1981ಕ್ಕೆ ‘ಚಾಂಪಿಯನ್ಸ್’, 1984ಕ್ಕೆ ‘ಮಾರ್ವೆಲ್ ಸೂಪರ್ ಹೀರೋಸ್’. ಮೇಜಿನ ಸುತ್ತ ಕುಳಿತ ಹುಡುಗರು ಒಬ್ಬೊಬ್ಬರು ಒಬ್ಬೊಬ್ಬ ಮಹಾವೀರನಾಗಿ ಮಾತಾಡುತ್ತಾರೆ. ಕಥೆ ನಡೆಸುವುದಕ್ಕೆ ಇನ್ನೊಬ್ಬ. ಅಂದು ಆಡಿದವರು ಇಂದು ಅದನ್ನು ನೆನೆದು ಹಂಬಲಿಸುವುದು ತಿಳಿದಾಗ ನನಗೆ ಅವರು ನೆರೆಮನೆಯವರೇ ಅನ್ನಿಸಿದರು. ಕಥೆ ನಡೆಸಲು ನಮಗೆ ಭಾಗವತನಿದ್ದ. ಮಹಾವೀರರಿಗಂತೂ ಬರವೇ ಇರಲಿಲ್ಲ: ಎದುರಾಳಿಯ ಅರ್ಧ ಬಲ ಸೆಳೆಯುವ ವಾಲಿ, ಹುಟ್ಟುಕವಚದ ಕರ್ಣ, ತಾನಾಗಿ ಬಯಸುವ ತನಕ ಸಾಯದ ಭೀಷ್ಮ.

ಆದರೆ ಅಲ್ಲಿ ಏಟು ತಾಗಿತೋ ತಪ್ಪಿತೋ ದಾಳ ಹೇಳುತ್ತದೆ. ನಮ್ಮಲ್ಲಿ ಕೊನೆ ಎಲ್ಲರಿಗೂ ಮೊದಲೇ ಗೊತ್ತು, ವಾಲಿ ಸಾಯಲೇಬೇಕು. ಹಾಗಿದ್ದೂ ಎಲ್ಲರಿಗೂ ವಾಲಿಯೇ ಬೇಕು! ಬಾಣ ನಾಟಿದ ಮೇಲೆಯೇ ಅವನ ನಿಜವಾದ ಕಾಳಗ. ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನಗೂ ನನಗೂ ಹಗೆ ಎಲ್ಲಿಯದು? ಸೋಲುವವನಿಗೆ ಇಷ್ಟು ಹೊತ್ತು ಮಾತು ಬಿಟ್ಟುಕೊಡುವ ಇನ್ನೊಂದು ಆಟವನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಬಾಯಿ ಬಿಡದ ಹುಡುಗ ಜಗಲಿಯಲ್ಲಿ ದೇವರನ್ನೇ ಹಿಡಿದು ನಿಲ್ಲಿಸಿ ಕೇಳುತ್ತಿದ್ದ. ಒಳಗೆ ಕುಳಿತು ಕೇಳುತ್ತಿದ್ದ ಹಿರಿಯರು ಒಮ್ಮೆಯೂ ಗದರಲಿಲ್ಲ. ಅವರೂ ಚಿಕ್ಕಂದಿನಲ್ಲಿ ವಾಲಿಯಾದವರೇ ಇರಬೇಕು.

ಜನ ಸಿಗದಿದ್ದುದು ರಾಮನಿಗೆ. ಆ ಪ್ರಶ್ನೆಗಳಿಗೆ ಉತ್ತರ ಕಟ್ಟಬೇಕಲ್ಲ! ಕೊನೆಗೆ, ನಮ್ಮೆಲ್ಲರಿಗಿಂತ ಹೆಚ್ಚು ಪುಸ್ತಕ ಓದಿದ್ದ ಅಕ್ಕನನ್ನು ಕರೆಯುತ್ತಿದ್ದೆವು. ಅವಳು ಸೆರಗಿನಂತೆ ಸುತ್ತಿದ ಟವೆಲ್ಲನ್ನು ಸರಿಮಾಡಿಕೊಂಡು, “ತಮ್ಮನ ಹೆಂಡತಿಯನ್ನು ಮನೆಯಲ್ಲಿ ಕೂಡಿಟ್ಟವನು ಧರ್ಮ ಕೇಳುತ್ತೀಯಾ?” ಎಂದು ಶುರುಮಾಡಿದರೆ ವಾಲಿ ಮಾತಿಗೆ ತಡಕಾಡಬೇಕಾಗುತ್ತಿತ್ತು. ಮೇಳದಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲವದು. ಈಗ ಹೆಂಗಸರದೇ ತಾಳಮದ್ದಳೆ ಕೂಟಗಳಿವೆ. ಅಂಥ ಕೂಟದಲ್ಲಿ ವಾಲಿವಧೆ ಇದೆಯೆಂದು ತಿಳಿದರೆ ನಾನು ಮೊದಲು ಕೇಳುವುದು, ರಾಮ ಯಾರದು ಎಂದೇ.