ಫೀಡ್ ರೀಡರ್

ಫೀಡ್ ರೀಡರ್ ಎಂಬುದು ಬ್ಲಾಗುಗಳು, ಸುದ್ದಿತಾಣಗಳು ಮತ್ತು ಪಾಡ್‌ಕಾಸ್ಟ್‌ಗಳಲ್ಲಿ ಪ್ರಕಟವಾಗುವ ಹೊಸ ಬರಹ ಹಾಗೂ ಸಂಚಿಕೆಗಳನ್ನು ಒಂದೇ ಕಡೆ ಕಲೆಹಾಕಿ ತೋರಿಸುವ ತಂತ್ರಾಂಶ ಅಥವಾ ಜಾಲಸೇವೆ. ಇದನ್ನು ಆರ್‌ಎಸ್‌ಎಸ್ ರೀಡರ್, ಫೀಡ್ ಅಗ್ರಿಗೇಟರ್ ಎಂದೂ ಕರೆಯುತ್ತಾರೆ. ಯಾವ ತಾಣಗಳನ್ನು ಅನುಸರಿಸಬೇಕು ಎಂಬುದನ್ನು ಓದುಗರೇ ನಿರ್ಧರಿಸುವುದು ಮತ್ತು ಬರಹಗಳು ಸಾಮಾನ್ಯವಾಗಿ ಪ್ರಕಟವಾದ ಕಾಲಕ್ರಮದಲ್ಲಿಯೇ ಕಾಣಿಸಿಕೊಳ್ಳುವುದು ಇದರ ಮುಖ್ಯ ಲಕ್ಷಣಗಳು. ಓದುಗರ ಮುಂದೆ ಏನನ್ನು ಇಡಬೇಕೆಂದು ಸಂಸ್ಥೆಯ ಅಲ್ಗಾರಿದಮ್ ಆಯ್ಕೆಮಾಡುವ ಸಾಮಾಜಿಕ ಜಾಲತಾಣಗಳಿಗಿಂತ ಇದು ಈ ಅಂಶದಲ್ಲಿ ಭಿನ್ನವಾಗಿದೆ.

ಕಾರ್ಯವಿಧಾನ

ಜಾಲತಾಣವೊಂದು ತನ್ನ ಇತ್ತೀಚಿನ ಬರಹಗಳ ವಿವರಗಳನ್ನು ಯಂತ್ರಗಳು ಓದಬಲ್ಲ ರೂಪದಲ್ಲಿ ಒದಗಿಸುವ ಕಡತವೇ ಫೀಡ್. ಇದು ಹೆಚ್ಚಾಗಿ ಎಕ್ಸ್‌ಎಂಎಲ್ ರೂಪದಲ್ಲಿರುತ್ತದೆ. ಪ್ರತಿ ಬರಹದ ಶೀರ್ಷಿಕೆ, ಕೊಂಡಿ, ದಿನಾಂಕ ಹಾಗೂ ಸಾರಾಂಶ ಅಥವಾ ಪೂರ್ಣಪಾಠವು ಅದರಲ್ಲಿ ಅಡಕವಾಗಿರುತ್ತದೆ. ಫೀಡ್ ರೀಡರ್ ಈ ಕಡತವನ್ನು ನಿಗದಿತ ಅವಧಿಗೊಮ್ಮೆ ತರಿಸಿಕೊಂಡು, ಹಿಂದೆ ಕಂಡಿರದ ಬರಹಗಳನ್ನು ‘ಓದಿಲ್ಲ’ ಎಂದು ಗುರುತಿಸಿ ಪಟ್ಟಿಗೆ ಸೇರಿಸುತ್ತದೆ. ಕಡತದಲ್ಲಿ ಬದಲಾವಣೆ ಇಲ್ಲದಿದ್ದರೆ ಸರ್ವರ್ ‘304’ ಎಂಬ ಸಂಕೇತವನ್ನಷ್ಟೇ ಮರಳಿಸಬಹುದು. ಇದರಿಂದ ಪ್ರತಿ ಬಾರಿಯೂ ಇಡೀ ಕಡತವನ್ನು ಕಳುಹಿಸುವ ಅಗತ್ಯ ತಪ್ಪುತ್ತದೆ. ಚಂದಾದಾರರಾಗಲು ಓದುಗರು ತಮ್ಮ ಇ-ಮೇಲ್ ವಿಳಾಸವನ್ನು ತಾಣಕ್ಕೆ ನೀಡಬೇಕಾಗಿಲ್ಲ.

ಇತಿಹಾಸ

ಆರ್‌ಎಸ್‌ಎಸ್‌ನ ಮೊದಲ ಆವೃತ್ತಿಯನ್ನು ನೆಟ್‌ಸ್ಕೇಪ್ ಸಂಸ್ಥೆಯು 1999ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ರಾಮನಾಥನ್ ವಿ. ಗುಹಾ ಮತ್ತು ಡ್ಯಾನ್ ಲಿಬ್ಬಿ ಇದನ್ನು ರೂಪಿಸಿದರು. ಮುಂದೆ ಅಭಿವೃದ್ಧಿಯು ಎರಡು ಕವಲುಗಳಾಯಿತು. ಆರನ್ ಸ್ವಾರ್ಟ್ಜ್ ಸದಸ್ಯರಾಗಿದ್ದ ತಂಡವು 2000ರ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಸ್ 1.0 ಅನ್ನು ಪ್ರಕಟಿಸಿತು. ಡೇವ್ ವೈನರ್ ಅವರು ಸರಳತೆಗೆ ಒತ್ತು ನೀಡಿ ಬೆಳೆಸಿದ ಕವಲು 2002ರಲ್ಲಿ ಆರ್‌ಎಸ್‌ಎಸ್ 2.0 ಆಗಿ ಹೊರಬಂತು. ಧ್ವನಿಕಡತದ ವಿಳಾಸವನ್ನು ಫೀಡ್‌ನಲ್ಲಿ ಸೇರಿಸುವ ಸೌಲಭ್ಯ ಈ ಎರಡನೆಯ ಕವಲಿನಲ್ಲಿ ಬಂದುದರಿಂದ ಪಾಡ್‌ಕಾಸ್ಟ್ ಸಾಧ್ಯವಾಯಿತು. ಆಟಮ್ ಎಂಬ ಮತ್ತೊಂದು ಮಾದರಿ 2005ರಲ್ಲಿ ಅಂತರಜಾಲದ ಅಧಿಕೃತ ಮಾನಕವಾಯಿತು. ಇಂದಿನ ಬಹುತೇಕ ಫೀಡ್ ರೀಡರ್‌ಗಳು ಈ ಎಲ್ಲ ಮಾದರಿಗಳನ್ನೂ ಓದಬಲ್ಲವು.

2005ರ ಅಕ್ಟೋಬರ್‌ನಲ್ಲಿ ಆರಂಭವಾದ ಗೂಗಲ್ ರೀಡರ್ ಬಹಳ ಜನಪ್ರಿಯವಾಯಿತು. ಬಳಕೆ ಕುಗ್ಗಿದೆ ಎಂಬ ಕಾರಣ ನೀಡಿ ಗೂಗಲ್ 2013ರ ಜುಲೈ 1ರಂದು ಅದನ್ನು ಮುಚ್ಚಲು ನಿರ್ಧರಿಸಿತು. ಆದರೆ ಸೇವೆ ನಿಂತರೂ ತಾಣಗಳ ಫೀಡ್‌ಗಳು ನಿಲ್ಲಲಿಲ್ಲ. ಓದುಗರು ತಮ್ಮ ಚಂದಾ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತರೂಪದಲ್ಲಿ ಇಳಿಸಿಕೊಂಡು ಫೀಡ್ಲಿ, ನ್ಯೂಸ್‌ಬ್ಲರ್ ಮುಂತಾದ ಸೇವೆಗಳಿಗೆ ವರ್ಗಾಯಿಸಲು ಸಾಧ್ಯವಾಯಿತು. ಮುಕ್ತ ಮಾದರಿಗಳ ಮಹತ್ವಕ್ಕೆ ಇದು ಉತ್ತಮ ನಿದರ್ಶನ.

ಬಳಕೆಯ ಕ್ರಮ

ಫೀಡ್ ರೀಡರ್‌ನಲ್ಲಿ ತಾಣದ ವಿಳಾಸವನ್ನು ನಮೂದಿಸಿದರೆ ಅದರ ಫೀಡ್ ಹೆಚ್ಚಿನ ಸಂದರ್ಭಗಳಲ್ಲಿ ತಾನಾಗಿಯೇ ಪತ್ತೆಯಾಗುತ್ತದೆ. ಪತ್ತೆಯಾಗದಿದ್ದಲ್ಲಿ ಪುಟದಲ್ಲಿ ಕಿತ್ತಳೆ ಬಣ್ಣದ ಫೀಡ್ ಚಿಹ್ನೆಯನ್ನು ಹುಡುಕಬಹುದು. ಫೀಡ್ಲಿ, ಇನೊರೀಡರ್‌ನಂತಹ ಜಾಲಸೇವೆಗಳಲ್ಲಿ, ಯಾವ ಸಾಧನದಲ್ಲಿ ಓದಿದರೂ ಓದಿದ ಗುರುತು ಎಲ್ಲೆಡೆ ಉಳಿಯುತ್ತದೆ. ಥಂಡರ್‌ಬರ್ಡ್‌ನಂತಹ ತಂತ್ರಾಂಶಗಳು ಬಳಕೆದಾರರ ಗಣಕದಲ್ಲಿಯೇ ಫೀಡ್‌ಗಳನ್ನು ಉಳಿಸಿಕೊಳ್ಳುತ್ತವೆ. ಫ್ರೆಶ್‌ಆರ್‌ಎಸ್‌ಎಸ್ ಎಂಬ ಮುಕ್ತ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದು. ಯಾವುದನ್ನು ಬಳಸಿದರೂ ಆಗಾಗ ಒಪಿಎಂಎಲ್ ಕಡತವನ್ನು ಇಳಿಸಿಟ್ಟುಕೊಳ್ಳುವುದು ಸೂಕ್ತ.

ಕನ್ನಡದಲ್ಲಿ ಫೀಡ್‌ಗಳು

ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ತಂತ್ರಾಂಶಗಳು ಫೀಡನ್ನು ತಾವಾಗಿಯೇ ಸಿದ್ಧಪಡಿಸುವುದರಿಂದ, ಅವುಗಳನ್ನು ಬಳಸುವ ಕನ್ನಡ ಬ್ಲಾಗುಗಳಿಗೂ ಫೀಡ್ ದೊರೆಯುತ್ತದೆ. ಕನ್ನಡ ವಿಕಿಪೀಡಿಯದ ‘ಇತ್ತೀಚೆಗಿನ ಬದಲಾವಣೆಗಳು’ ಪುಟವನ್ನೂ ಆಟಮ್ ಫೀಡ್ ಮೂಲಕ ಅನುಸರಿಸಬಹುದು. ಕನ್ನಡ ಬರಹವು ಫೀಡ್ ರೀಡರ್‌ನಲ್ಲಿ ಸರಿಯಾಗಿ ಕಾಣಬೇಕಾದರೆ ಅದು ಯುನಿಕೋಡ್‌ನಲ್ಲಿರಬೇಕು. ಯುನಿಕೋಡ್‌ಗೆ ಮೊದಲಿನ ವಿಶಿಷ್ಟ ಫಾಂಟ್‌ಗಳನ್ನು ಬಳಸಿದ ಪುಟಗಳು ತಾಣದಲ್ಲಿ ಕನ್ನಡವಾಗಿ ಕಂಡರೂ, ಫೀಡ್ ಆ ಫಾಂಟನ್ನು ಹೊತ್ತು ತರುವುದಿಲ್ಲವಾದ್ದರಿಂದ ರೀಡರ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಾಲಾಗುತ್ತವೆ.

ಮಿತಿಗಳು

ಎಲ್ಲ ತಾಣಗಳೂ ಫೀಡ್ ಒದಗಿಸುವುದಿಲ್ಲ. ಜಾಹೀರಾತಿನ ಆದಾಯಕ್ಕಾಗಿ ಓದುಗರು ತಾಣಕ್ಕೇ ಬರಬೇಕೆಂದು ಬಯಸುವ ಪ್ರಕಾಶಕರು ಸಾರಾಂಶವನ್ನಷ್ಟೇ ನೀಡುವುದುಂಟು. ಫೈರ್‌ಫಾಕ್ಸ್ ತನ್ನಲ್ಲಿ ಅಡಕವಾಗಿದ್ದ ಫೀಡ್ ಸೌಲಭ್ಯವನ್ನು 2018ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ದಿನಕ್ಕೆ ನೂರಾರು ಸುದ್ದಿಗಳನ್ನು ಹೊರಡಿಸುವ ತಾಣವೊಂದನ್ನು ಸೇರಿಸಿದರೆ, ಅಪರೂಪಕ್ಕೆ ಬರೆಯುವ ಬ್ಲಾಗುಗಳು ಅದರ ನಡುವೆ ಮರೆಯಾಗುತ್ತವೆ. ಇಂತಹ ತಾಣಗಳನ್ನು ಪ್ರತ್ಯೇಕ ಫೋಲ್ಡರ್‌ನಲ್ಲಿರಿಸುವುದು, ಅಥವಾ ಲಭ್ಯವಿದ್ದಲ್ಲಿ ಒಂದು ವಿಭಾಗದ ಫೀಡನ್ನು ಮಾತ್ರ ಆರಿಸಿಕೊಳ್ಳುವುದು ಇದಕ್ಕೆ ಪರಿಹಾರ.