ಪಾಯಿಂಟಿನ ಕೊಠಡಿ, ರೂಪಾಯಿಯ ಲೆಕ್ಕ

ವ್ಯಾಪಾರಸ್ಥರಿಗೆ ಪ್ರವಾಸವೆಂಬುದು ವಿಹಾರವಲ್ಲ. ಅದೊಂದು ಖರ್ಚಿನ ಬಾಬತ್ತು. ಗದಗಿನ ಮುದ್ರಣಾಲಯದ ಮಾಲೀಕರು ಕಾಗದಕ್ಕೂ ಯಂತ್ರದ ಬಿಡಿಭಾಗಗಳಿಗೂ, ಬೆಟಗೇರಿಯ ನೇಕಾರಿಕೆ ಉದ್ಯಮಿಗಳು ನೂಲಿಗೂ ಹೊಸ ಗಿರಾಕಿಗಳಿಗೂ, ಲಕ್ಷ್ಮೇಶ್ವರ ಮತ್ತು ಶಿರಹಟ್ಟಿಯ ಜವಳಿ ಅಂಗಡಿಯವರು ಹಬ್ಬದ ಖರೀದಿಗೂ, ಮುಂಡರಗಿಯ ಬೀಜ-ಗೊಬ್ಬರ ವ್ಯಾಪಾರಿಗಳು ಕಂಪನಿಯ ಸಭೆಗೂ ವರ್ಷದಲ್ಲಿ ನಾಲ್ಕಾರು ಬಾರಿ ಬೆಂಗಳೂರನ್ನೋ ಮುಂಬೈಯನ್ನೋ ಕಾಣುವುದು ವಾಡಿಕೆ. ಹಿಂದೆ ಇಂತಹ ಪ್ರವಾಸದಲ್ಲಿ ವಸತಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಮೆಜೆಸ್ಟಿಕ್ ಅಥವಾ ಗಾಂಧಿನಗರದಲ್ಲಿ ತಂದೆಯ ಕಾಲದಿಂದ ಇಳಿದುಕೊಳ್ಳುತ್ತಿದ್ದ ಲಾಡ್ಜ್ ಒಂದಿರುತ್ತಿತ್ತು. ಈಗ ಕೈಯಲ್ಲಿ ಕ್ರೆಡಿಟ್ ಕಾರ್ಡ್ ಇದೆ, ಅದರೊಡನೆ ಪಾಯಿಂಟುಗಳಿವೆ, ದೊಡ್ಡ ಹೋಟೆಲು ಸಮೂಹಗಳ ಸದಸ್ಯತ್ವವಿದೆ. "ಪಾಯಿಂಟಿನಲ್ಲಿ ರೂಮು ಬಿಟ್ಟಿ ಸಿಗುತ್ತದೆ" ಎಂಬ ಮಾತು ಅಡತಿ ಅಂಗಡಿಗಳಲ್ಲಿಯೂ ಕೇಳಿಬರುತ್ತಿದೆ. ಆ ಬಿಟ್ಟಿ ಕೊಠಡಿಗೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬುದನ್ನು ವ್ಯಾಪಾರಿಯ ತಕ್ಕಡಿಯಲ್ಲಿಯೇ ತೂಗಿ ನೋಡುವುದು ಒಳಿತು.

ಗಿರಾಕಿಯನ್ನು ಕಟ್ಟಿಹಾಕುವ ಈ ಉಪಾಯ ಹೊಸದೇನಲ್ಲ. ಅಮೆರಿಕದ ವಿಮಾನ ಸಂಸ್ಥೆಯೊಂದು 1981ರಲ್ಲಿ ಮೈಲಿಗಳ ಲೆಕ್ಕದಲ್ಲಿ ಬಹುಮಾನ ಕೊಡಲು ತೊಡಗಿತು. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಹೋಟೆಲುಗಳು ಅದನ್ನು ಅನುಸರಿಸಿದವು. ಅದಕ್ಕೂ ಬಹಳ ಹಿಂದೆ, 1844ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರ ಸಹಕಾರಿ ಅಂಗಡಿ ತನ್ನ ಸದಸ್ಯರು ಕೊಂಡ ಸರಕಿನ ಪ್ರಮಾಣಕ್ಕೆ ತಕ್ಕಂತೆ ಲಾಭವನ್ನು ಹಂಚುತ್ತಿತ್ತು. ಎರಡೂ ಒಂದೇ ಎಂದು ತೋರಬಹುದಾದರೂ ಒಂದು ಮುಖ್ಯ ಅಂತರವಿದೆ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದ ಈ ನಾಡಿನವರಿಗೆ ಆ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಹಕಾರಿ ಸಂಘದಲ್ಲಿ ಲಾಭದ ವಿನಿಯೋಗಕ್ಕೆ ಸದಸ್ಯರ ಸಭೆ ಒಪ್ಪಬೇಕು. ಹೋಟೆಲಿನ ಪಾಯಿಂಟಿಗೆ ಬೆಲೆ ಕಟ್ಟುವುದು ಹೋಟೆಲು ಮಾತ್ರ. ಸದಸ್ಯನಿಗೆ ಕಾರ್ಡಿದೆ, ಮತವಿಲ್ಲ.

ಈ ಮಾತಿಗೆ ನಿದರ್ಶನ ದೂರವಿಲ್ಲ. ಮ್ಯಾರಿಯಟ್ ಸಮೂಹದಲ್ಲಿ ಮೊದಲು ಪ್ರತಿ ಹೋಟೆಲಿಗೂ ಒಂದು ದರ್ಜೆ, ದರ್ಜೆಗೆ ಇಷ್ಟು ಪಾಯಿಂಟು ಎಂಬ ಪಟ್ಟಿ ಇತ್ತು. 2022ರ ಮಾರ್ಚ್‌ನಲ್ಲಿ ಆ ಪಟ್ಟಿಯನ್ನು ಕೈಬಿಟ್ಟು, ಬೇಡಿಕೆಗೆ ತಕ್ಕಂತೆ ಏರಿಳಿಯುವ ದರವನ್ನು ಜಾರಿಗೆ ತರಲಾಯಿತು. ವಸ್ತುಪ್ರದರ್ಶನದ ದಿನಗಳಲ್ಲಿ ರೂಪಾಯಿಯ ದರ ಏರಿದರೂ ಪಾಯಿಂಟಿನ ದರ ನಿಂತಲ್ಲೇ ನಿಲ್ಲುತ್ತದೆ ಎಂದು ನಂಬಿ ಕೂಡಿಟ್ಟವರ ಲೆಕ್ಕ ಅಲ್ಲಿಗೆ ತಪ್ಪಿತು. ಇದಕ್ಕೆ ಹೋಲಿಸಿದರೆ ಬೆಲೆ ನಿಗದಿಯಾಗಿರುವ ಯೋಜನೆಗಳು ವ್ಯಾಪಾರಿಗೆ ಅರ್ಥವಾಗುವಂಥವು. ತಾಜ್ ಮತ್ತು ಜಿಂಜರ್ ಹೋಟೆಲುಗಳು ಸೇರಿರುವ ಟಾಟಾ ಸಮೂಹದ ನ್ಯೂ ಕಾಯಿನ್ ಒಂದಕ್ಕೆ ಒಂದು ರೂಪಾಯಿ. ಐಬಿಸ್, ನೊವೊಟೆಲ್ ಹೋಟೆಲುಗಳ ಅಕೋರ್ ಸಮೂಹದಲ್ಲಿ 2,000 ಪಾಯಿಂಟಿಗೆ 40 ಯೂರೋ ಬಿಲ್ಲಿನಲ್ಲಿ ಕಡಿತ. ಇಲ್ಲಿ ಭಾರಿ ಲಾಭ ಹೊಡೆಯುವ ಸಂದರ್ಭಗಳು ಕಡಿಮೆ. ಮೋಸಹೋಗುವ ಸಂದರ್ಭಗಳೂ ಕಡಿಮೆ.

ಎಷ್ಟು ರಾತ್ರಿಗೆ ಒಂದು ರಾತ್ರಿ?

ಒಂದು ಉದಾಹರಣೆ ನೋಡೋಣ. ಮ್ಯಾರಿಯಟ್‌ನ ಬಹುತೇಕ ಹೋಟೆಲುಗಳಲ್ಲಿ ಸಾಮಾನ್ಯ ಸದಸ್ಯನಿಗೆ ಒಂದು ಡಾಲರ್ ಖರ್ಚಿಗೆ 10 ಪಾಯಿಂಟು ಜಮೆಯಾಗುತ್ತದೆ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ, 6,000 ರೂಪಾಯಿಯ ಕೊಠಡಿಯಲ್ಲಿ ಒಂದು ರಾತ್ರಿ ತಂಗಿದವರಿಗೆ ದೊರೆಯುವುದು ಸುಮಾರು 667 ಪಾಯಿಂಟು. ಅಂಥದೇ ಕೊಠಡಿ 15,000 ಪಾಯಿಂಟಿಗೆ ಸಿಗುತ್ತದೆಂದು ಇಟ್ಟುಕೊಂಡರೂ ಒಂದು ಉಚಿತ ರಾತ್ರಿಗಾಗಿ 23 ರಾತ್ರಿ ಹಣ ಕೊಟ್ಟು ಮಲಗಬೇಕು! ವರ್ಷಕ್ಕೆ ಆರು ರಾತ್ರಿ ಬೆಂಗಳೂರಿನಲ್ಲಿ ಕಳೆಯುವ ವ್ಯಾಪಾರಿಗೆ ಇದು ಹೆಚ್ಚುಕಡಿಮೆ ನಾಲ್ಕು ವರ್ಷಗಳ ಮಾತು. ಇದರ ನಡುವೆ 24 ತಿಂಗಳು ಖಾತೆಯಲ್ಲಿ ಯಾವ ವ್ಯವಹಾರವೂ ನಡೆಯದಿದ್ದರೆ ಪಾಯಿಂಟುಗಳು ರದ್ದಾಗುತ್ತವೆ. ಇನ್ನು ಅಂತರಜಾಲದ ಬುಕಿಂಗ್ ಕಂಪನಿಗಳ ಮೂಲಕ ಕೊಠಡಿ ಹಿಡಿದರೆ, ದೊಡ್ಡ ಸಮೂಹಗಳಲ್ಲಿ ಸಾಮಾನ್ಯವಾಗಿ ಪಾಯಿಂಟೇ ಜಮೆಯಾಗುವುದಿಲ್ಲ.

ಕಾರ್ಡಿನ ಮೂಲಕ ಈ ಗತಿ ಹೆಚ್ಚುತ್ತದೆಂಬುದು ನಿಜ. ಹೋಟೆಲು ಸಮೂಹವೊಂದರ ಹೆಸರಿನ ಭಾರತದ ಮೊದಲ ಕ್ರೆಡಿಟ್ ಕಾರ್ಡನ್ನು ಎಚ್‌ಡಿಎಫ್‌ಸಿ ಬ್ಯಾಂಕು ಮ್ಯಾರಿಯಟ್ ಜೊತೆಗೂಡಿ 2023ರ ಆಗಸ್ಟ್‌ನಲ್ಲಿ ಹೊರತಂದಿತು. ಆರಂಭದಲ್ಲಿ ಅದರ ವಾರ್ಷಿಕ ಶುಲ್ಕ 3,000 ರೂಪಾಯಿ ಮತ್ತು ತೆರಿಗೆ. ಪ್ರತಿಯಾಗಿ ವರ್ಷಕ್ಕೆ 15,000 ಪಾಯಿಂಟಿನವರೆಗಿನ ಒಂದು ಉಚಿತ ರಾತ್ರಿ. ಆ ರಾತ್ರಿಯನ್ನು ತಪ್ಪದೆ ಬಳಸುವವರಿಗೆ ಇದು ನಷ್ಟದ ವ್ಯವಹಾರವಲ್ಲ. ಆದರೆ ಕಾರ್ಡಿನ ಬಾಕಿಯನ್ನು ತಿಂಗಳಾಂತ್ಯಕ್ಕೆ ಪೂರ್ತಿ ತೀರಿಸದೆ ಅದನ್ನೇ ದುಡಿಯುವ ಬಂಡವಾಳವೆಂದು ಬಳಸುವವರು ತಿಂಗಳಿಗೆ ಶೇ. 3ಕ್ಕೂ ಮಿಗಿಲಾದ ಬಡ್ಡಿಯನ್ನು ತೆರಬೇಕಾದೀತು. ಯಾವ ಪಾಯಿಂಟೂ ಆ ಬಡ್ಡಿಯನ್ನು ತುಂಬಿಕೊಡಲಾರದು.

ಕೆಲಸ ಎಲ್ಲಿ, ಕೊಠಡಿ ಎಲ್ಲಿ

ಪಾಯಿಂಟು ಇದೆಯೆಂದು ಹೋಟೆಲನ್ನು ಆರಿಸುವುದು, ಗಾಡಿ ಇದೆಯೆಂದು ಸಂತೆಗೆ ಹೋದಂತೆ. ಮೊದಲು ನೋಡಬೇಕಾದದ್ದು ಕೆಲಸದ ಜಾಗ. ಜವಳಿಯವರಿಗೆ ಚಿಕ್ಕಪೇಟೆ, ಕಾಗದ ಮತ್ತು ಪುಸ್ತಕದವರಿಗೆ ಅವೆನ್ಯೂ ರಸ್ತೆ, ಯಂತ್ರೋಪಕರಣ ಮತ್ತು ವಿದ್ಯುತ್ ಸಾಮಾನಿನವರಿಗೆ ಎಸ್.ಪಿ. ರಸ್ತೆ, ಕಾಳುಕಡಿಯವರಿಗೆ ಯಶವಂತಪುರದ ಮಾರುಕಟ್ಟೆ, ಸಣ್ಣ ಕೈಗಾರಿಕೆಯವರಿಗೆ ಪೀಣ್ಯ, ವಸ್ತುಪ್ರದರ್ಶನಕ್ಕೆ ಬರುವವರಿಗೆ ತುಮಕೂರು ರಸ್ತೆಯ ಮಾದಾವರದಲ್ಲಿರುವ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರ. ಇವೆಲ್ಲವೂ ನಗರದ ಹಳೆಯ ಪೇಟೆಯಿಂದ ವಾಯವ್ಯಕ್ಕೆ ಚಾಚಿದ ಒಂದೇ ಪಟ್ಟಿಯಲ್ಲಿವೆ. ಪಾಯಿಂಟು ನಡೆಯುವ ದೊಡ್ಡ ಹೋಟೆಲುಗಳಾದರೋ ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ, ಎಂ.ಜಿ. ರಸ್ತೆ ಹಾಗೂ ವಿಮಾನ ನಿಲ್ದಾಣದ ಕಡೆ ದಟ್ಟವಾಗಿವೆ. ವೈಟ್‌ಫೀಲ್ಡಿನಲ್ಲಿ ಕಡಿಮೆ ಪಾಯಿಂಟಿಗೆ ಕೊಠಡಿ ಸಿಕ್ಕಿತೆಂದು ಅಲ್ಲಿ ಇಳಿದವರು ಚಿಕ್ಕಪೇಟೆಯ ಅಂಗಡಿಗಳ ನಡುವೆ ಕಳೆಯಬೇಕಾದ ಅರ್ಧ ದಿನವನ್ನು ಇಪ್ಪತ್ತು ಕಿ.ಮೀ. ಆಸುಪಾಸಿನ ಓಡಾಟದಲ್ಲಿ ಕಳೆಯುತ್ತಾರೆ. ಸ್ಯಾಂಪಲ್ಲಿನ ಗಂಟು ಹೊತ್ತವರ ಪಾಡನ್ನಂತೂ ಹೇಳುವುದೇ ಬೇಡ.

ಈ ವಿಷಯದಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗ ಉತ್ತರ ಕರ್ನಾಟಕದ ವ್ಯಾಪಾರಸ್ಥರಿಗೆ ದೊಡ್ಡ ಅನುಕೂಲ ಮಾಡಿದೆ. ಚಿಕ್ಕಪೇಟೆ, ಮೆಜೆಸ್ಟಿಕ್, ರಾಜಾಜಿನಗರ, ಯಶವಂತಪುರ, ಪೀಣ್ಯ ಇವೆಲ್ಲ ಒಂದೇ ಸಾಲಿನಲ್ಲಿದ್ದು, 2024ರ ನವೆಂಬರಿನಲ್ಲಿ ಮಾದಾವರದವರೆಗೂ ರೈಲು ಓಡತೊಡಗಿತು. ಪಾಯಿಂಟಿನಲ್ಲಿಯೇ ತಂಗಬೇಕೆನ್ನುವವರು ಈ ಸಾಲಿನ ಮಗ್ಗುಲಿನ ಹೋಟೆಲುಗಳನ್ನು ಮೊದಲು ನೋಡುವುದು ಲೇಸು. ತಾಜ್ ಸಮೂಹದ ಯಶವಂತಪುರದ ಹೋಟೆಲು, ಮ್ಯಾರಿಯಟ್ ಸಮೂಹಕ್ಕೆ ಸೇರಿದ ಬ್ರಿಗೇಡ್ ಗೇಟ್‌ವೇ ಆವರಣದ ಶೆರಟನ್ ಗ್ರ್ಯಾಂಡ್ ಹಾಗೂ ರಾಜಾಜಿನಗರದ ಫೇರ್‌ಫೀಲ್ಡ್ ಈ ಭಾಗದಲ್ಲಿವೆ. ಮೂರರ ದರವೂ ಒಂದೇ ಮಟ್ಟದ್ದಲ್ಲ ಎಂಬುದು ಬೇರೆ ಮಾತು.

ಜಾಗದಷ್ಟೇ ಮುಖ್ಯವಾದದ್ದು ಗಳಿಗೆ. ಗದಗ, ಮುಂಡರಗಿ, ಲಕ್ಷ್ಮೇಶ್ವರಗಳಿಂದ ರಾತ್ರಿ ಬಸ್ಸು ಹತ್ತಿದವರು ನಸುಕಿನಲ್ಲಿ ಬೆಂಗಳೂರು ಮುಟ್ಟುತ್ತಾರೆ. ದೊಡ್ಡ ಹೋಟೆಲುಗಳು ಕೊಠಡಿ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3 ಗಂಟೆಗೆ. ಮರುದಿನ ಬಿಡಿಸುವುದು ಹನ್ನೆರಡಕ್ಕೆ. ಬೆಳಗಿನ ಆರು ಗಂಟೆಗೆ ಬಾಗಿಲಲ್ಲಿ ನಿಂತವರು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಹತ್ತು-ಹನ್ನೊಂದಕ್ಕೆ ಪೇಟೆ ತೆರೆಯುವ ಹೊತ್ತಿಗೆ ಹೊರಡಬೇಕು. ಅವರಿಗೆ ಮೂರು ಗಂಟೆಯ ಕೊಠಡಿಯಿಂದ ಏನು ಪ್ರಯೋಜನ? ಕೊಠಡಿ ಖಾಲಿ ಇದ್ದರೆ ಬೇಗ ಕೊಡುತ್ತಾರೆ. ಅದು ಹಕ್ಕಲ್ಲ, ಸೌಜನ್ಯ. ಖಚಿತವಾಗಿ ಬೇಕೆಂದರೆ ಹಿಂದಿನ ರಾತ್ರಿಯನ್ನೂ ಕೊಳ್ಳಬೇಕು, ಅಂದರೆ ಪಾಯಿಂಟು ಇಮ್ಮಡಿ. ಮೆಜೆಸ್ಟಿಕ್ಕಿನ ಅನೇಕ ಲಾಡ್ಜುಗಳಲ್ಲಿ ಒಳಬಂದ ಗಳಿಗೆಯಿಂದ 24 ಗಂಟೆ ಎಣಿಸುವ ಪದ್ಧತಿ ಇದೆ. ನಸುಕಿನಲ್ಲಿ ಇಳಿದು, ದಿನವಿಡೀ ಖರೀದಿ ಮಾಡಿ, ರಾತ್ರಿ ಬಸ್ಸಿಗೆ ಮರಳುವವರಿಗೆ ಒಂದೇ ದಿನದ ಬಾಡಿಗೆ ಸಾಕು. ಅಲ್ಲಿನ ಮ್ಯಾನೇಜರು ಹೆಸರು ಹಿಡಿದು ಮಾತನಾಡಿಸುತ್ತಾರೆ, ಗಂಟುಮೂಟೆ ಇಟ್ಟುಕೊಳ್ಳುತ್ತಾರೆ, ಲಾರಿ ಕಚೇರಿಯ ಹುಡುಗ ಬಂದರೆ ಪಾರ್ಸೆಲ್ ಒಪ್ಪಿಸುತ್ತಾರೆ. ಇದೂ ಒಂದು ಬಗೆಯ ನಿಷ್ಠೆಯ ಬಹುಮಾನವೇ. ಆದರೆ ಯಾವ ಖಾತೆಯಲ್ಲಿಯೂ ಜಮೆಯಾಗಿ ಕಾಣುವುದಿಲ್ಲ.

ತೆರಿಗೆ ಬದಲಿಸುವ ಲೆಕ್ಕ

ಪಾಯಿಂಟಿನ ಬೆಲೆ ತಿಳಿಯುವ ವಿಧಾನ ಸರಳ. ಅದೇ ಕೊಠಡಿಗೆ ಅದೇ ದಿನ ಕೈಯಿಂದ ನಿಜವಾಗಿ ಹೋಗುವ ಹಣವನ್ನು, ಕೇಳುವ ಪಾಯಿಂಟುಗಳಿಂದ ಭಾಗಿಸಬೇಕು. "ನಿಜವಾಗಿ ಹೋಗುವ ಹಣ" ಎಂಬಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇ. 5 ಆಯಿತು, ಅದಕ್ಕೂ ಮೊದಲು ಶೇ. 12 ಇತ್ತು. 7,500 ದಾಟಿದರೆ ಶೇ. 18. ಈ ಗೆರೆಯ ಎರಡೂ ಬದಿ ಗಮನಿಸತಕ್ಕದ್ದು: 7,400 ರೂಪಾಯಿಯ ಕೊಠಡಿಗೆ ತೆರಿಗೆ ಸೇರಿ 7,770, 7,600 ರೂಪಾಯಿಯ ಕೊಠಡಿಗೆ 8,968. ಇನ್ನೂರು ರೂಪಾಯಿ ಹೆಚ್ಚಿಗೆಯ ಕೊಠಡಿ 1,198 ರೂಪಾಯಿ ಹೆಚ್ಚು ಕೀಳುತ್ತದೆ.

ಶೇ. 18ರ ಕೊಠಡಿಯಲ್ಲಿ ಊರು ಯಾವುದೆಂಬುದೂ ಲೆಕ್ಕಕ್ಕೆ ಬರುತ್ತದೆ. ಜಿಎಸ್‌ಟಿ ಕಾಯಿದೆಯ ಪ್ರಕಾರ ಹೋಟೆಲ್ ಸೇವೆಯ ಸ್ಥಳವೆಂದರೆ ಹೋಟೆಲು ಇರುವ ಸ್ಥಳ. ಆದುದರಿಂದ ಕರ್ನಾಟಕದಲ್ಲಿ ನೋಂದಾಯಿತರಾದ ವ್ಯಾಪಾರಿ ಬೆಂಗಳೂರಿನಲ್ಲಿ ವ್ಯವಹಾರದ ನಿಮಿತ್ತ ತಂಗಿ, ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲು ಪಡೆದರೆ ಕೊಠಡಿಯ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು. ಮುಂಬೈಯಲ್ಲಿ ತಂಗಿದರೆ ಬಿಲ್ಲಿನಲ್ಲಿ ಬೀಳುವುದು ಕೇಂದ್ರದ ತೆರಿಗೆ ಮತ್ತು ಮಹಾರಾಷ್ಟ್ರದ ತೆರಿಗೆ. ಕರ್ನಾಟಕದ ನೋಂದಣಿಗೆ ಅದರ ಜಮೆ ದೊರೆಯುವುದಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳಿಗಂತೂ ಎಲ್ಲಿ ತಂಗಿದರೂ ಜಮೆಯಿಲ್ಲ.

ಈಗ ಲೆಕ್ಕ ಹಾಕೋಣ. ದಿನಕ್ಕೆ 12,000 ರೂಪಾಯಿಯ ಕೊಠಡಿ, ತೆರಿಗೆ 2,160, ಒಟ್ಟು 14,160. ಪಾಯಿಂಟಿನಲ್ಲಾದರೆ 30,000 ಎಂದಿರಲಿ. ಬೆಂಗಳೂರಿನಲ್ಲಿ ತೆರಿಗೆ ಮರಳುವುದರಿಂದ ನಿಜವಾದ ಖರ್ಚು 12,000. ಪಾಯಿಂಟೊಂದಕ್ಕೆ 40 ಪೈಸೆ. ಮುಂಬೈಯಲ್ಲಿ ಅದೇ ಪಾಯಿಂಟಿಗೆ 47 ಪೈಸೆ. ಗೋರೆಗಾಂವಿನ ಪ್ರದರ್ಶನಕ್ಕೋ ಕಾಲಬಾದೇವಿಯ ಖರೀದಿಗೋ ಮುಂಬೈಗೆ ಹೋಗುವವರು ಪಾಯಿಂಟನ್ನು ಅಲ್ಲಿ ಖರ್ಚು ಮಾಡಿ, ಬೆಂಗಳೂರಿನಲ್ಲಿ ಹಣ ಕೊಟ್ಟು ಬಿಲ್ಲು ಪಡೆಯುವುದು ಹೆಚ್ಚು ಲಾಭಕರ. ಇನ್ನೊಂದು ಹೆಜ್ಜೆ ಮುಂದೆ ಹೋದರೆ, ಹಣ ಕೊಟ್ಟ ಕೊಠಡಿ ವ್ಯವಹಾರದ ಖರ್ಚಾಗಿ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುತ್ತದೆ, ಪಾಯಿಂಟಿನ ಕೊಠಡಿ ಕಳೆಯುವುದಿಲ್ಲ. ಕುಟುಂಬದೊಡನೆ ಮೈಸೂರಿಗೆ ಹೋದಾಗ ತೆರಿಗೆ ಜಮೆಯೂ ಇಲ್ಲ, ಖರ್ಚಿನ ಕಡಿತವೂ ಇಲ್ಲ. ಪಾಯಿಂಟು ಪೂರ್ಣ ಬೆಲೆಗೆ ಬಾಳುವುದು ಅಲ್ಲಿ.

ಪಾಯಿಂಟು ಯಾರದು?

ಇದು ತಕರಾರಿನ ಪ್ರಶ್ನೆ. ಹಣ ಸಂಸ್ಥೆಯದು, ಪಾಯಿಂಟು ಜಮೆಯಾಗುವುದು ತಂಗಿದ ವ್ಯಕ್ತಿಯ ಹೆಸರಿಗೆ. ಒಬ್ಬರೇ ಮಾಲೀಕರಾದರೆ ಚಿಂತೆಯಿಲ್ಲ. ಪಾಲುದಾರಿಕೆ ಸಂಸ್ಥೆಯಲ್ಲಿ ಖರೀದಿಗೆ ಹೋಗುವ ಪಾಲುದಾರರೊಬ್ಬರ ಹೆಸರಿನಲ್ಲಿಯೇ ವರ್ಷಗಟ್ಟಲೆ ಪಾಯಿಂಟು ಸೇರಿ, ಅಂಗಡಿ ಕಾಯುವ ತಮ್ಮನಿಗೆ ಏನೂ ದೊರೆಯದಿದ್ದರೆ, ಇಂದಲ್ಲ ನಾಳೆ ಮಾತು ಬರುತ್ತದೆ. ಪ್ರವಾಸದಲ್ಲಿರುವ ಮಾರಾಟ ಪ್ರತಿನಿಧಿ 4,000ದ ಕೊಠಡಿ ಬಿಟ್ಟು ತನ್ನ ಸದಸ್ಯತ್ವವಿರುವ 6,500ರ ಕೊಠಡಿ ಹಿಡಿದರೆ ಬಹುಮಾನ ಅವನಿಗೆ, ಹೆಚ್ಚುವರಿ 2,500 ಸಂಸ್ಥೆಗೆ. ಕೊಠಡಿಯ ದರಕ್ಕೆ ಮಿತಿ ಎಷ್ಟು, ಕೂಡಿದ ಪಾಯಿಂಟನ್ನು ಮುಂದಿನ ವ್ಯವಹಾರದ ಪ್ರವಾಸಕ್ಕೇ ಬಳಸಬೇಕೋ ಬೇಡವೋ ಎಂಬುದನ್ನು ಮೊದಲೇ ಬರೆದಿಡುವುದು ಕ್ಷೇಮ. ಒಂದು ಹಾಳೆ ಸಾಕು.

ಬಣ್ಣ, ಸಿಮೆಂಟು, ಬೀಜ, ಕೀಟನಾಶಕದ ಕಂಪನಿಗಳು ತಮ್ಮ ವಿತರಕರಿಗೆ ಮಾರಾಟದ ಪ್ರಮಾಣದ ಮೇಲೆ ಕೊಡುವ ಪಾಯಿಂಟು ಮತ್ತು ಪ್ರವಾಸಗಳು ಬೇರೆ ಬಗೆಯವು. 2022ರ ಜುಲೈ 1ರಿಂದ, ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿಗೆ ಮೀರಿ ಇಂತಹ ಪ್ರಯೋಜನ ಕೊಡುವ ಕಂಪನಿ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಟ್ಟಬೇಕೆಂಬ ನಿಯಮ ಜಾರಿಗೆ ಬಂದಿತು. ಬ್ಯಾಂಕಾಕಿನ ಹೋಟೆಲು ಉಚಿತವೆಂದು ಹೋಗಿಬಂದವರ ತೆರಿಗೆ ವಿವರಣಾ ಪಟ್ಟಿಯಲ್ಲಿ ಆ ಪ್ರವಾಸ ಆದಾಯವಾಗಿ ಕಾಣಿಸಿಕೊಂಡೀತು. ಒಪ್ಪಿಕೊಳ್ಳುವ ಮುನ್ನ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳುವುದು ಲೇಸು.

ಬಿಲ್ಲಿನ ಬಗ್ಗೆ ಕೊನೆಯ ಮಾತು. ಕೊಠಡಿ ಕಾದಿರಿಸುವಾಗಲೇ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಕೊಡಬೇಕು. ಕೀಲಿ ಒಪ್ಪಿಸುವ ಮುನ್ನ ಬಿಲ್ಲಿನಲ್ಲಿ ಅವೆರಡೂ ಸರಿಯಾಗಿ ಅಚ್ಚಾಗಿವೆಯೇ ಎಂದು ನೋಡಿಕೊಳ್ಳಬೇಕು. ಹೋಟೆಲು ಆ ಬಿಲ್ಲನ್ನು ತನ್ನ ರಿಟರ್ನಿನಲ್ಲಿ ತೋರಿಸಿದರೆ ಮಾತ್ರ ಅದು ವ್ಯಾಪಾರಿಯ ಜಿಎಸ್‌ಟಿಆರ್-2ಬಿ ಪಟ್ಟಿಗೆ ಇಳಿಯುತ್ತದೆ. ಗದಗಿಗೆ ಮರಳಿದ ಮೇಲೆ ಫೋನಿನಲ್ಲಿ ತಿದ್ದುಪಡಿ ಮಾಡಿಸುವುದು ಕಷ್ಟ. ಸ್ವಾಗತ ಕಟ್ಟೆಯ ಮುಂದೆ ನಿಂತಿದ್ದಾಗ ಅದು ಎರಡು ನಿಮಿಷದ ಕೆಲಸ.